ಎಡಗಡೆಯ ಪೆಡಲು

ಹಳೆ ಸೈಕಲ್ ಕೊಳ್ಳುವುದಿದ್ದರೆ ಬಣ್ಣ ನೋಡಬೇಡಿ. ಬಣ್ಣ ಯಾರು ಬೇಕಾದರೂ ಬಳಿದಾರು. ಬೆಲ್ಲು ಹೊಡೆದು ನೋಡಬೇಡಿ. ನಿಮಗೆ ಆಸೆ ಹುಟ್ಟಿತೆಂದು ಮಾರುವವನಿಗೆ ಗೊತ್ತಾಗುತ್ತದೆ, ಅಷ್ಟೇ. ಟೈರು ಹೊಸದಾಗಿದ್ದರೆ ಇನ್ನೊಂದು ಸುತ್ತು ಅನುಮಾನ ಪಡಿ. ಮಾತೇ ಆಡದೆ ಕುಕ್ಕರಗಾಲಲ್ಲಿ ಕೂತು ಪೆಡಲಿನ ರಬ್ಬರಿನ ಮೇಲೆ ಹೆಬ್ಬೆರಳು ಆಡಿಸಿ. ಹೊಸ ರಬ್ಬರಿನ ಮೇಲೆ ಸಣ್ಣ ಉಬ್ಬುಗೆರೆಗಳಿರುತ್ತವೆ. ತುಳಿದಂತೆಲ್ಲ ಅವು ಅಳಿಸಿ, ಆಮೇಲೆ ರಬ್ಬರು ಹಳೆ ಹೊಸ್ತಿಲಿನ ಹಾಗೆ ನುಣ್ಣಗಾಗಿ ನಡುವೆ ತಗ್ಗು ಬೀಳುತ್ತದೆ. ಮಾರುವವರು ಸೀಟು ಬದಲಿಸುತ್ತಾರೆ, ಚೈನು ಬದಲಿಸುತ್ತಾರೆ; ಪೆಡಲಿನ ರಬ್ಬರು ಬದಲಿಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಸೈಕಲ್ಲು ಎಷ್ಟು ದುಡಿದಿದೆ ಎಂಬುದನ್ನು ಅದೊಂದೇ ನಿಜ ಹೇಳುತ್ತದೆ.

ಈ ಮಾತನ್ನು ಕೇಳಿದವರಿಗೆ ಹೇಳಿದ್ದೇನೆ, ಕೇಳದವರಿಗೆ ಇನ್ನೂ ಹೆಚ್ಚಾಗಿ ಹೇಳಿದ್ದೇನೆ. ಮದುವೆ ಮನೆಯ ಊಟದ ಸಾಲಿನಲ್ಲಿ ಹೇಳಿದ್ದೇನೆ. ಆದರೆ ಮೊನ್ನೆ ಎದುರುಮನೆಯ ಮೇಷ್ಟ್ರು ಮಗಳಿಗೊಂದು ಹಳೆ ಸೈಕಲ್ ನೋಡಿದ್ದೇನೆ, ಬಂದು ಹೂಂ ಅನ್ನಿ ಎಂದು ಕರೆದುಕೊಂಡು ಹೋದಾಗ ಪೆಡಲಿನ ಹತ್ತಿರ ಬಗ್ಗಿದವನು ಹಾಗೇ ಎದ್ದೆ. ಬೆಲ್ಲು ಹೊಡೆದು, ಚೆನ್ನಾಗಿದೆ ತಗೊಳ್ಳಿ ಸಾರ್ ಎಂದು ಹೇಳಿ ಮನೆಗೆ ಬಂದುಬಿಟ್ಟೆ. ಮೇಷ್ಟ್ರಿಗೆ ಆಶ್ಚರ್ಯವಾಗಿರಬೇಕು. ನಾನು ಚೌಕಾಸಿಯಲ್ಲಿ ಗೆಲ್ಲದೆ ಬಿಟ್ಟ ವ್ಯಾಪಾರ ಅದೇ ಮೊದಲನೆಯದು ಎಂದು ಅವರು ಅಂದುಕೊಂಡಿರುತ್ತಾರೆ. ಮೊದಲನೆಯದಲ್ಲ. ಅದನ್ನೇ ಹೇಳಲು ಕೂತಿದ್ದೇನೆ.

ನನ್ನದು ಕೊಬ್ಬರಿ ವ್ಯಾಪಾರ. ಈಗ ಅಂಗಡಿಯಿದೆ, ಗೋಡೌನಿದೆ, ಮನೆ ಮುಂದೆ ಕಾರೂ ನಿಂತಿದೆ. ಶುರು ಮಾಡಿದ್ದು ಮಾತ್ರ ಸೈಕಲ್ಲಿನ ಮೇಲೆ. ಜವನಗೊಂಡನಹಳ್ಳಿ ಕಡೆಯ ತೋಟಗಳಿಂದ ಕ್ಯಾರಿಯರಿನ ಎರಡೂ ಕಡೆ ಕಾಯಿ ಚೀಲ ಇಳಿಬಿಟ್ಟು, ಹೈವೇ ಲಾರಿಗಳ ಗಾಳಿಗೆ ತೂಗಾಡುತ್ತ ಹಿರಿಯೂರಿಗೆ ತರುತ್ತಿದ್ದೆ. ಪಂಕ್ಚರ್ ಅಂಗಡಿಗೆ ಕೊಡುವ ಕಾಸು ಉಳಿಸಲು ರಿಪೇರಿ ನಾನೇ ಕಲಿತೆ. ಆ ಚಟ ಇನ್ನೂ ಬಿಟ್ಟಿಲ್ಲ. ನನ್ನ ಹೆಂಡತಿ ಹೇಳುವ ಪ್ರಕಾರ, ಕಾರಿನ ಟೈರಿಗೆ ಮೊಳೆ ಹೊಕ್ಕರೆ ನಾನು ಫೋನು ಎತ್ತುತ್ತೇನೆ, ಸೈಕಲ್ಲಿಗೆ ಹೊಕ್ಕರೆ ಪಂಚೆ ಎತ್ತಿ ಕಟ್ಟುತ್ತೇನೆ.

ನನ್ನ ಆಸ್ತಿಯಲ್ಲಿ ಒಂದು ಹಳೆ ಬಿಸ್ಕತ್ತಿನ ಡಬ್ಬವೂ ಸೇರಿದೆ. ಸ್ಪೋಕು ಬಿಗಿಮಾಡುವ ಕೀಲಿ, ವಾಲ್‌ಟ್ಯೂಬಿನ ತುಂಡುಗಳು, ಹಳೆ ಟ್ಯೂಬು ಕತ್ತರಿಸಿದ ಪಟ್ಟಿಗಳು, ಸೊಲ್ಯೂಷನ್, ಟ್ಯೂಬು ಉಜ್ಜಲು ಒಂದು ಅರ. ಮನೆಯಲ್ಲೇ ಪಂಕ್ಚರ್ ಹಾಕುವವರಿಗೆ ಒಂದು ಮಾತು: ತೂತು ಸಿಕ್ಕ ಸಂತೋಷಕ್ಕೆ ತಕ್ಷಣ ಪಟ್ಟಿ ಅಂಟಿಸಬೇಡಿ. ಆ ಜಾಗವನ್ನು ಅರದಿಂದ ಉಜ್ಜಿ ತರಿತರಿ ಮಾಡಿ, ಸೊಲ್ಯೂಷನ್ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವವರೆಗೆ ಸುಮ್ಮನೆ ಕೂತಿರಿ. ಜನ ಕೆಡುವುದು ಆ ಸುಮ್ಮನೆ ಕೂರುವ ಜಾಗದಲ್ಲೇ. ಇನ್ನೊಂದು, ಚೈನಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ. ನಮ್ಮೂರ ಕಡೆಯವರಿಗೆ ಮಾತ್ರ ಈ ಬುದ್ಧಿವಾದ ಬೇಕು. ತಲೆಗೂ ಅದೇ, ದೇವರ ದೀಪಕ್ಕೂ ಅದೇ, ಕೂಸಿನ ಮೈಗೂ ಅದೇ, ಬಾಗಿಲು ಕಿರುಗುಟ್ಟಿದರೆ ತಿರುಗಣಿಗೂ ಅದೇ. ಬಟ್ಟಲಲ್ಲಿ ಮಿಕ್ಕಿದ್ದನ್ನು ಚೈನಿಗೆ ಬಿಡುತ್ತೇವೆ. ಚಳಿಗಾಲದ ಬೆಳಗಿಗೆ ಅದು ಹೆಪ್ಪುಗಟ್ಟಿ, ಬೇಸಿಗೆಗೆ ಬಯಲಿನ ಧೂಳನ್ನೆಲ್ಲ ಹಿಡಿದು, ಚೈನು ಕರಿ ಹಗ್ಗದ ಹಾಗಾಗುತ್ತದೆ. ಇದನ್ನು ನಾನು ಕೊಬ್ಬರಿ ವ್ಯಾಪಾರಿಯಾಗಿ ಹೇಳುತ್ತಿದ್ದೇನೆ, ನಂಬಿ.

ನಮ್ಮಕ್ಕ ನಂಬುತ್ತಿರಲಿಲ್ಲ. "ಮನುಷ್ಯರ ಕೀಲಿಗೆ ಆಗೋ ಎಣ್ಣೆ ಕಬ್ಬಿಣದ ಕೀಲಿಗೆ ಆಗಲ್ವೇನೋ?" ಅನ್ನುತ್ತಿದ್ದಳು.

ನಮ್ಮಕ್ಕನ ಹೆಸರು ಈರಮ್ಮ, ನಾವೆಲ್ಲ ಈರಕ್ಕ ಅನ್ನುತ್ತೇವೆ. ನನಗೆ ಸೈಕಲ್ ಕಲಿಸಿದ್ದು ಅವಳು. ಅವಳಿಗೆ ಬರುತ್ತಿತ್ತು ಅಂದುಕೊಳ್ಳಬೇಡಿ. ಹೆಣ್ಣುಹುಡುಗಿ ಸೈಕಲ್ ಹತ್ತುವುದು ಆಗ ನಮ್ಮ ಹಟ್ಟಿಯಲ್ಲಿ ಯಾರೂ ಕಂಡಿದ್ದಲ್ಲ. ಬಾಡಿಗೆ ಸೈಕಲ್ಲಿನ ಬಾರಿನ ಕೆಳಗಿಂದ ಕಾಲು ತೂರಿಸಿ ನಾನು ಒಳಪೆಡಲು ತುಳಿಯುತ್ತಿದ್ದೆ. ಅವಳು ಲಂಗ ಎತ್ತಿ ಸಿಕ್ಕಿಸಿಕೊಂಡು ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದಳು. ನೀರು ಬತ್ತಿದ ಕೆರೆಯಂಗಳ, ಒಡೆದ ಮಣ್ಣಿನ ಹೆಂಟೆ, ಮೇಯಲು ಬಿಟ್ಟ ಕುರಿಗಳು. ನಾನು ತಿರುಗಿ ನೋಡಲು ಹೆದರಿ, ಹಿಡ್ಕಂಡಿದೀಯೇನಕ್ಕಾ ಎಂದು ಕೂಗುತ್ತಿದ್ದೆ. ಹಿಡ್ಕಂಡಿದೀನಿ ತುಳಿಯೋ ಎಂದು ಉತ್ತರ ಬರುತ್ತಿತ್ತು. ಒಂದು ದಿನ ಆ ಉತ್ತರ ಬಹಳ ದೂರದಿಂದ ಬಂತು. ತಿರುಗಿ ನೋಡಿದರೆ ಅವಳು ಕೆರೆಯ ಆ ತುದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ನೋಡಿದ ಕೂಡಲೇ ಬಿದ್ದೆ. ಮೊಣಕೈ ಸುಲಿದದ್ದಕ್ಕಿಂತ ಅವಳು ಸುಳ್ಳು ಹೇಳಿದಳೆಂಬ ಸಿಟ್ಟೇ ಹೆಚ್ಚಾಗಿತ್ತು.

ಅವಳನ್ನು ಹೊಳಲ್ಕೆರೆ ಕಡೆಯ ತಾಳ್ಯಕ್ಕೆ ಕೊಟ್ಟೆವು. ಗಂಡ ಬೇಗ ಹೋದ. ಮಗಳನ್ನು ಹೊಸದುರ್ಗದ ಕಡೆ ಕೊಟ್ಟಳು. ಅಳಿಯನ ಮನೆಯಲ್ಲಿ ಹೋಗಿ ಕೂರುವ ಹೆಂಗಸಲ್ಲ; ಒಂದು ಸಣ್ಣ ಮಂದೆ ಕುರಿ ಕಟ್ಟಿಕೊಂಡು, ಯಾರ ಮಾತೂ ಕೇಳದೆ, ಯಾರ ಹಂಗಿಗೂ ಹೋಗದೆ ಇದ್ದಳು. ಹೋದ ಮುಂಗಾರಿನಲ್ಲಿ ದೊಡ್ಡಿಯ ಬಾಗಿಲು ತೆಗೆಯಲು ಹೋದವಳು ಅಲ್ಲೇ ಕುಸಿದಳು. ಲಕ್ವ. ಎಡಗಡೆ ಪೂರ್ತಿ ಬಿದ್ದುಹೋಯಿತು. ಮಾತಿಗೆ ಏನೂ ಆಗಲಿಲ್ಲ. ದುರ್ಗದ ಆಸ್ಪತ್ರೆಯಲ್ಲಿ ಕಣ್ಣುಬಿಟ್ಟವಳು ಮೊದಲು ಕೇಳಿದ್ದು, ಬಾಗಿಲು ಹಾಕಿದ್ರಾ ಎಂದು.

ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಕರೆತಂದೆವು. ಕುರಿಗಳನ್ನು ತಾಳ್ಯದಲ್ಲಿ ಪಕ್ಕದ ಮನೆಯ ಓಬಣ್ಣ ನೋಡಿಕೊಳ್ಳಲು ಒಪ್ಪಿದ. ಆದರೆ ಅವನಿಗೂ ತನ್ನದೇ ಮಂದೆಯಿದೆ. ಯುಗಾದಿವರೆಗೆ ನೋಡ್ತೀನಿ, ಅಷ್ಟರಲ್ಲಿ ಅಕ್ಕ ಎದ್ದು ಬರಬೇಕು, ಇಲ್ಲ ಮಾರಬೇಕು ಎಂದು ಮೊದಲೇ ಹೇಳಿದ. ಅಕ್ಕ ಅದನ್ನು ಕೇಳಿ ತಲೆಯಾಡಿಸಿದಳು. ಯುಗಾದಿಗೆ ಹೋಗುತ್ತೇನೆ ಎಂದಳು. ಅವಳ ಪಾಲಿಗೆ ಮಾತು ಮುಗಿದಿತ್ತು. ಕುರಿ ಇದ್ದರೆ ತಾಳ್ಯದ ಮನೆ, ಅವಳದೇ ಒಲೆ, ಅವಳದೇ ಚಿಲಕ. ಕುರಿ ಹೋದರೆ ಉಳಿದ ಆಯುಷ್ಯ ತಮ್ಮನ ಹಜಾರದ ಮಂಚದ ಮೇಲೆ. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಮನೆಗೆ ಬಂದವಳು ತನ್ನ ಬಟ್ಟೆಯ ಗಂಟನ್ನು ಮಾತ್ರ ಬಿಚ್ಚಗೊಡಲಿಲ್ಲ. ಬೇಕಾದ ಸೀರೆಯನ್ನು ಅದರೊಳಗಿಂದಲೇ ಎಳೆಸಿಕೊಳ್ಳುತ್ತಿದ್ದಳು.

ದುರ್ಗದಲ್ಲಿ ಕಸರತ್ತು ಹೇಳಿಕೊಡುವ ಹುಡುಗಿ, ಕೂತಲ್ಲೇ ಪೆಡಲು ತುಳಿಯುವ ಯಂತ್ರ ತಗೊಳ್ಳಿ, ಕಾಲಿಗೆ ನೆನಪು ಬರುತ್ತದೆ ಎಂದಿದ್ದಳು. ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದಳು. ನನಗೆ ನಗು ಬಂತು. ಚಕ್ರವಿಲ್ಲದ ಸೈಕಲ್ಲಿಗೆ ಚಕ್ರವಿರುವ ಸೈಕಲ್ಲಿಗಿಂತ ಹೆಚ್ಚು ರೇಟು. ಸ್ಟ್ಯಾಂಡ್ ಹಾಕಿದರೆ ಎಲ್ಲ ಸೈಕಲ್ಲೂ ಕೂತಲ್ಲೇ ತುಳಿಯುವ ಯಂತ್ರವೇ ಎಂದು ಅವಳಿಗೂ ಬುದ್ಧಿ ಹೇಳಿ ಬಂದೆ.

ಬಾರ್ ಇರುವ ಸೈಕಲ್ ಅಕ್ಕನಿಗೆ ಆಗದು. ಸರ್ಕಾರಿ ಶಾಲೆಯಲ್ಲಿ ಕೊಟ್ಟ ಲೇಡಿಸ್ ಸೈಕಲ್ಲೊಂದು ಪಕ್ಕದ ಬೀದಿಯಲ್ಲಿ ಜಗಲಿಗೆ ಒರಗಿ ಕೋಳಿ ಕೂರುವ ಜಾಗವಾಗಿತ್ತು; ಹುಡುಗಿ ಹಾಸ್ಟೆಲಿಗೆ ಸೇರಿದ್ದಳು. ನಾನು ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳು ಆಡಿಸಿದೆ. ಎರಡೂ ಪೆಡಲಿನ ಉಬ್ಬುಗೆರೆಗಳು ಹಾಗೇ ಇದ್ದವು, ಅಚ್ಚಿನಿಂದ ತೆಗೆದ ಹಾಗೆ. ಬ್ರೇಕು ಸರಿಯಿಲ್ಲ, ರಿಮ್ಮು ತುಕ್ಕು, ಕೋಳಿ ಹೇತದ್ದನ್ನು ತೊಳೆಯುವ ಖರ್ಚು ಬೇರೆ ಎಂದೆಲ್ಲ ಹೇಳಿ ಹುಡುಗಿಯ ಅಪ್ಪನನ್ನು ಬೆವರಿಳಿಸಿ ತಂದೆ. ಬರುವಾಗ ಖುಷಿಯಿಂದ ಸಿಳ್ಳೆ ಹಾಕುತ್ತಿದ್ದೆ ಎಂದು ಹೆಂಡತಿ ಈಗಲೂ ನೆನಪಿಸುತ್ತಾಳೆ.

ಹಿತ್ತಲ ಗೋಡೆಗೂ ಒಂದು ಕಲ್ಲುಬೆಂಚಿಗೂ ನಡುವೆ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆ. ಮುಂದಿನ ಚಕ್ರಕ್ಕೆ ಇಟ್ಟಿಗೆ ಒತ್ತು ಕೊಟ್ಟೆ. ಹ್ಯಾಂಡಲನ್ನು ಕಿಟಕಿಯ ಸರಳಿಗೆ ಬಿಗಿದೆ. ಪೆಡಲು ಸ್ವಲ್ಪ ಭಾರವಾಗಲೆಂದು ಹಿಂದಿನ ಬ್ರೇಕು ಒಂಚೂರು ಹಿಡಿಯುವಂತೆ ಮಾಡಿದೆ. ನಾನೂ ಹೆಂಡತಿಯೂ ಸೇರಿ ಅವಳನ್ನು ಕಲ್ಲುಬೆಂಚು ಹತ್ತಿಸಿ ಸೀಟಿಗೆ ಸಾಗಿಸಿದೆವು. ಎಡಪಾದ ಪೆಡಲಿನಿಂದ ಜಾರುತ್ತಿತ್ತು, ಹಳೆ ಟ್ಯೂಬಿನ ಪಟ್ಟಿಯಿಂದ ಕಟ್ಟಿದೆ. ಒಂದೇ ಕಾಲು ಕಟ್ಟಿದರೆ ಮೈ ವಾಲುತ್ತದೆಂದು ಬಲಗಾಲನ್ನೂ ಕಟ್ಟಿದೆ. ನಾನು ಹಿಂದೆ ನಿಂತು ಕ್ಯಾರಿಯರ್ ಹಿಡಿದೆ.

ಜೀವನದಲ್ಲಿ ಮೊದಲ ಸಲ ಸೈಕಲ್ ಏರಿದ ನಮ್ಮಕ್ಕ ಎದುರಿನ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದಳು.

"ಲೇ ತಿಪ್ಪಾ, ನಂಗೆ ಸೈಕಲ್ ಕಲಿಸೋಕೆ ಗೋಡೆ ಮುಂದೆ ನಿಲ್ಸಿದೀಯಲ್ಲ. ಬಲು ಉಷಾರಿ ನೀನು."

"ಬೀಳಲ್ಲಕ್ಕ."

"ಬೀಳೋದು ಬಿದ್ದಾಯ್ತು. ತುಳೀಲಾ?"

ಚಕ್ರ ತಿರುಗಿತು. ನಿಜ ಹೇಳುತ್ತೇನೆ, ನನ್ನ ಅಂಗಡಿಯ ಬಾಗಿಲು ಮೊದಲ ಸಲ ತೆಗೆದಾಗಲೂ ನನಗೆ ಹಾಗಾಗಿರಲಿಲ್ಲ.

ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಅದೇ ಕೆಲಸ. ಹೆಂಡತಿ ಅವಳ ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ಬಟ್ಟಲಲ್ಲಿ ಮಿಕ್ಕಿದ್ದನ್ನು ಚೈನಿಗೆ ಬಿಡು ಎಂದು ಅಕ್ಕ, ಬಿಡಬೇಡ ಎಂದು ನಾನು. ನಾನು ಅಂಗಡಿಗೆ ಹೋದ ಮೇಲೆ ಬಿಡಿಸುತ್ತಿದ್ದಳೆಂದು ಕಾಣುತ್ತದೆ, ಚೈನು ಕಪ್ಪಾಗುತ್ತಲೇ ಹೋಯಿತು. ತುಳಿಯುತ್ತ ತುಳಿಯುತ್ತ ಅವಳು ದಾರಿ ಹೇಳುತ್ತಿದ್ದಳು. ಈಗ ಹಿರಿಯೂರು ದಾಟಿದೆ. ಈಗ ದುರ್ಗದ ಕೋಟೆ ಕಾಣ್ತೈತೆ. ಹೊಳಲ್ಕೆರೆ ಬಂತು, ಒಂದು ಟೀ ಕುಡಿಸೋ. ತಾಳ್ಯ ಮಾತ್ರ ಬಂತು ಎಂದು ಒಂದು ದಿನವೂ ಅನ್ನಲಿಲ್ಲ. ಹೊಳಲ್ಕೆರೆ ಬಂದ ಮೇಲೆ ಸುಮ್ಮನಾಗಿ ತುಳಿಯುತ್ತಿದ್ದಳು.

ಎಡಗೈ ಸ್ವಲ್ಪ ಮರಳಿತು. ಲೋಟ ಹಿಡಿಯುವಷ್ಟಲ್ಲದಿದ್ದರೂ ಹ್ಯಾಂಡಲಿನ ಮೇಲೆ ಇರುವಷ್ಟು. ಬಾಯಿ ಓರೆಯಾಗಿದ್ದದ್ದು ಸರಿಯಾಯಿತು. ನಿಂತರೆ ಕಾಲು ಮಾತ್ರ ಮಡಿಚುತ್ತಿತ್ತು. ಆದರೂ ಪೆಡಲು ತಿರುಗುತ್ತಿತ್ತಲ್ಲ. ಬರಬರುತ್ತ ಹೆಚ್ಚು ಹೊತ್ತು, ಹೆಚ್ಚು ಜೋರಾಗಿ. ನಾನು ಬ್ರೇಕು ಇನ್ನಷ್ಟು ಬಿಗಿಮಾಡಿದೆ, ಅದನ್ನೂ ತಿರುಗಿಸಿದಳು. ಓಬಣ್ಣನಿಗೆ ಫೋನು ಮಾಡಿ ದೊಡ್ಡಿಯ ತಡಿಕೆ ಸರಿಮಾಡಿಸಿಡು ಎಂದೆ. ಅಂಗಡಿಗೆ ಬಂದವರಿಗೆಲ್ಲ, ಲಕ್ವ ಹೊಡೆದರೆ ದುಡ್ಡು ಸುರಿಯಬೇಡಿ, ಹಳೆ ಸೈಕಲ್ ತನ್ನಿ ಎಂದು ಹೇಳತೊಡಗಿದೆ. ಒಬ್ಬರು ತಂದೂಬಿಟ್ಟರು.

ಯುಗಾದಿಗೆ ಇನ್ನು ಸ್ವಲ್ಪವೇ ದಿನ ಇತ್ತು. ತುಳಿಯುವಾಗ ಟಕ್ ಟಕ್ ಎಂದು ಸದ್ದು ಬರತೊಡಗಿತು. ಅಂಥ ಸದ್ದನ್ನು ಉದಾಸೀನ ಮಾಡಬೇಡಿ. ಪೆಡಲಿನ ದಂಡವನ್ನು ಅಚ್ಚಿಗೆ ಹಿಡಿದಿಡುವ ಸಣ್ಣ ಪಿನ್ನು ಸಡಿಲವಾದರೆ ಹೀಗಾಗುತ್ತದೆ. ಕಾಟರ್ ಪಿನ್ನು ಅನ್ನುತ್ತಾರೆ. ಒಂದು ಭಾನುವಾರ ಮಧ್ಯಾಹ್ನ ಅಕ್ಕ ಊಟ ಮಾಡಿ ಮಲಗಿದ್ದಾಗ ಹಿತ್ತಲಲ್ಲಿ ಗೋಣಿತಾಟು ಹಾಸಿ ಬಿಚ್ಚಲು ಕೂತೆ. ಬಲಗಡೆಯ ಪಿನ್ನು ತಿಂದುಹೋಗಿತ್ತು, ಬೆರಳಿಗೇ ಅಲುಗಾಡಿತು. ಹೊಸದು ಹಾಕಬೇಕು. ಬಲಗಡೆ ಹೋದರೆ ಎಡಗಡೆಯೂ ಹೋಗಿರುತ್ತದೆ, ಒಟ್ಟಿಗೆ ಎರಡು ತರುವುದು ಲಾಭ ಎಂದುಕೊಂಡು ಅದಕ್ಕೂ ಕೈ ಹಾಕಿದೆ. ಸುತ್ತಿಗೆ ಏಟಿಗೂ ಜಗ್ಗಲಿಲ್ಲ. ಕಂಪನಿಯಲ್ಲಿ ಬಿಗಿದಂತೆಯೇ ಕೂತಿತ್ತು.

ಆಗ ನನ್ನ ಹೆಬ್ಬೆರಳು ತಾನಾಗಿ ಪೆಡಲಿನ ರಬ್ಬರಿಗೆ ಹೋಯಿತು. ಅಷ್ಟು ವರ್ಷದ ಚಾಳಿ.

ಬಲಗಡೆಯದು ನುಣ್ಣಗಾಗಿತ್ತು. ನಡುವೆ ತಗ್ಗು ಬಿದ್ದು, ಬಿಸಿಲಿಗೆ ಹಿಡಿದರೆ ಹೊಳೆಯುತ್ತಿತ್ತು. ಎಡಗಡೆಯದರ ಉಬ್ಬುಗೆರೆಗಳು ಹಾಗೇ ಇದ್ದವು. ಕೋಳಿಗಳ ಕೆಳಗಿಂದ ತಂದ ದಿನ ಹೇಗಿದ್ದವೋ ಹಾಗೆ.

ಅಲ್ಲೇ ಕೂತು ಅರ್ಥಮಾಡಿಕೊಂಡೆ. ಬಲಗಾಲೇ ತುಳಿದಿದೆ, ಕಟ್ಟಿದ್ದರಿಂದ ಬಲಗಾಲೇ ಮೇಲಕ್ಕೂ ಎಳೆದಿದೆ. ಎಡಗಾಲು ಗಾಡಿಯ ಹಿಂದೆ ಕಟ್ಟಿದ ಚೀಲದ ಹಾಗೆ ಜೊತೆಗೆ ಸುತ್ತು ಬಂದಿದೆ. ಇಷ್ಟು ತಿಂಗಳಲ್ಲಿ ಒಂದು ಸಲವೂ ಅದು ತುಳಿದಿಲ್ಲ. ನಾನು ಬ್ರೇಕು ಬಿಗಿಮಾಡಿದಷ್ಟೂ ಅವಳ ಬಲಗಾಲು ಗಟ್ಟಿಯಾಯಿತು, ಅಷ್ಟೇ. ಮಾರುವವನ ಮಾತಿಗೆ ಯಾವತ್ತೂ ಮರುಳಾಗದ ನಾನು ತಿರುಗುವ ಚಕ್ರಕ್ಕೆ ಮರುಳಾಗಿದ್ದೆ.

ಡಬ್ಬದಿಂದ ಅರ ತೆಗೆದೆ. ಯೋಚನೆ ಮಾಡಿ ತೆಗೆದೆ ಎಂದೇನಿಲ್ಲ. ಎಡಪೆಡಲನ್ನು ದಂಡದಿಂದ ಕಳಚಿ ತೊಡೆಯ ಮೇಲೆ ಇಟ್ಟುಕೊಂಡು ಉಬ್ಬುಗೆರೆ ಹೋಗುವವರೆಗೆ ಉಜ್ಜಿದೆ. ಕಪ್ಪು ಪುಡಿ ಪಂಚೆಯ ಮೇಲೆ ಬಿತ್ತು. ನಡುವೆ ತಗ್ಗು ಬರಲೆಂದು ಅಲ್ಲಿ ಇನ್ನೆರಡು ಕೈ ಹೆಚ್ಚಾಗಿ ಎಳೆದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ಸಂಜೆ ಹೊಸ ಪಿನ್ನು ತಂದು ಹಾಕಿದೆ. ಮಾರನೆಯ ಬೆಳಿಗ್ಗೆ ಅಕ್ಕನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ಪಟ್ಟಿ ಕೈಗೆ ತೆಗೆದುಕೊಂಡೆ.

"ತಡಿ," ಅಂದಳು. "ನಿನ್ನೆ ಬಿಚ್ಚಿದ್ದೆಯಂತಲ್ಲ. ಪೆಡ್ಲು ಏನಂತು?"

ನನ್ನ ಪೆಡಲಿನ ಪಾಠವನ್ನು ಮೊದಲ ಸಲ ಕೇಳಿಸಿಕೊಂಡವಳೇ ಅವಳು. ನಾನು ಚೆನ್ನಾಗಿ ಸವೆದಿದೆ, ಎರಡೂ ಕಡೆ, ಎಂದೆ. ಅವಳು ಬಲಗೈ ಚಾಚಿದಳು. ದಂಡ ತಿರುಗಿಸಿ ಎಡಪೆಡಲನ್ನು ಮೇಲೆ ತಂದೆ. ಹೆಬ್ಬೆರಳನ್ನು ಅದರ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಎಳೆದಳು. ಕಾಲು ಸವೆಸಿದ ರಬ್ಬರು ನುಣುಪಾಗಿರುತ್ತದೆ, ಅರ ಸವೆಸಿದ್ದು ತರಿಯಾಗಿರುತ್ತದೆ. ಇದನ್ನು ಹೇಳಲು ನಾನು ಬೇಕಾಗಿಲ್ಲ. ಬೆರಳು ಎತ್ತಿದಾಗ ಅದಕ್ಕೆ ಕಪ್ಪು ಪುಡಿ ಅಂಟಿತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಸೆರಗಿನ ಅಂಚಿಗೆ ಒರೆಸಿಕೊಂಡಳು.

"ಹೂಂ. ಚೆನ್ನಾಗಿ ಸವೆದೈತೆ," ಅಂದಳು. ಆಮೇಲೆ, "ತಾಳ್ಯಕ್ಕೆ ಹೋಗಿ ಕುರಿ ಕೊಟ್ಬಿಡಪ್ಪ. ನಿನ್ನಷ್ಟು ರೇಟು ಕಟ್ಟೋರು ಯಾರವ್ರೆ?"

ಆ ದಿನ ತುಳಿಯಲಿಲ್ಲ. ಮಂಚಕ್ಕೆ ವಾಪಸು ಕರೆದೊಯ್ದೆವು. ಸಂಜೆ ಅಂಗಡಿಯಿಂದ ಬಂದು ನೋಡಿದರೆ ಅವಳ ಬಟ್ಟೆಯ ಗಂಟು ಬಿಚ್ಚಿತ್ತು. ಸೀರೆಗಳು ನನ್ನ ಹೆಂಡತಿಯ ಬೀರುವಿನಲ್ಲಿ ಜೋಡಿಸಿದ್ದವು. ಅಕ್ಕನೇ ಹೇಳಿ ಇಡಿಸಿದಳಂತೆ.

ಯುಗಾದಿ ಕಳೆದ ಮೇಲೆ ತಾಳ್ಯಕ್ಕೆ ಹೋದೆ. ಹೊಳಲ್ಕೆರೆಯಿಂದ ಖಾದರ್ ಸಾಬರನ್ನು ಬರಹೇಳಿದ್ದೆ. ಅವರ ತಾತನ ಕಾಲದಿಂದ ಕುರಿ ವ್ಯಾಪಾರದ ಮನೆ, ನ್ಯಾಯವಾದ ಮನುಷ್ಯ. ಓಬಣ್ಣ ಕುರಿಗಳನ್ನು ದೊಡ್ಡಿಯಿಂದ ಬಿಟ್ಟ. ಸಾಬರು ಒಂದೊಂದರ ಬೆನ್ನು ಹಿಡಿದು ನೋಡಿ ಒಂದು ರೇಟು ಹೇಳಿದರು. ಆಡಿದ ಮಾತು ಸರಿಯಾಗೇ ಇತ್ತು. ನಾನಾಗಿದ್ದರೆ ಅಷ್ಟು ಹೇಳುತ್ತಿರಲಿಲ್ಲ. ನಾನು ಅದರ ಮೇಲೆ ಕೇಳಿದೆ. ಅವರು ಸ್ವಲ್ಪ ಏರಿದರು. ನಾನು ಇನ್ನೂ ಮೇಲೆ ಹೋದೆ. ಅವರು ಟೋಪಿ ತೆಗೆದು ತಲೆ ಒರೆಸಿಕೊಂಡು ಇನ್ನೊಮ್ಮೆ ಏರಿದರು. ವ್ಯಾಪಾರದಲ್ಲಿ ಎದುರಿನವನು ಇನ್ನು ಬಗ್ಗಲಾರ ಅನ್ನುವ ಗಳಿಗೆ ಒಂದಿರುತ್ತದೆ, ಆಗ ಕೈ ಮುಂದೆ ಮಾಡಬೇಕು. ಅದನ್ನು ಗುರುತಿಸುವುದೊಂದೇ ನನ್ನ ವಿದ್ಯೆ. ಗುರುತಿಸಿದೆ. ಗುರುತಿಸಿ, ಮೇಕೆಗೂ ಕುರಿಗೂ ಯಾರೂ ಕೇಳದಂಥ ಒಂದು ರೇಟು ಹೇಳಿದೆ.

ಸಾಬರು ನಗಲಿಲ್ಲ. "ಯಜಮಾನ್ರೇ, ಇದು ಮಾರೋರ ಮಾತಲ್ಲ," ಅಂದರು. ಟೋಪಿ ಹಾಕಿಕೊಂಡು, ಅಕ್ಕನ ಆರೋಗ್ಯ ವಿಚಾರಿಸಿ, ಬಂದ ಗಾಡಿಯಲ್ಲೇ ಖಾಲಿ ಹೋದರು. ಓಬಣ್ಣ ನನ್ನನ್ನು ನೋಡುತ್ತ ನಿಂತಿದ್ದ. ಮಳೆ ಹಿಡಿಯುವವರೆಗೆ ಇನ್ನಷ್ಟು ದಿನ ನೋಡಿಕೋ ಎಂದು ಅವನನ್ನು ಕಾಡಿ, ಬೇಡಿ, ಹೂಂ ಅನ್ನಿಸಿ ಹೊರಟೆ.

ಮನೆಗೆ ಬಂದಾಗ ಅಕ್ಕ ಹಿತ್ತಲ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು.

"ರೇಟು ಬರ್ಲಿಲ್ಲಕ್ಕ," ಅಂದೆ.

"ನಿಂಗಾ?"

ಚಪ್ಪಲಿ ಬಿಟ್ಟು ಅವಳ ಪಕ್ಕ ಕೂತೆ. ಗೋಡೆಯ ಮೇಲೆ ಇರುವೆ ಸಾಲು ಹೋಗುತ್ತಿತ್ತು, ಅವಳು ಅದನ್ನು ನೋಡುತ್ತಿದ್ದಳು.

"ಹತ್ಸು ಮತ್ತೆ," ಅಂದಳು.

ಹೆಂಡತಿಯನ್ನು ಕರೆದೆ. ಇಬ್ಬರೂ ಸೇರಿ ಸೀಟಿಗೆ ಸಾಗಿಸಿದೆವು. ಎಡಪಾದ ಕಟ್ಟಿದೆ. ಬಲಗಡೆಗೆ ಪಟ್ಟಿ ಸುತ್ತಲು ಹೋದಾಗ ಅವಳು ಕಾಲು ಹಿಂದೆ ಎಳೆದುಕೊಂಡಳು.

"ಅದನ್ನ ಕಟ್ಟಬ್ಯಾಡ. ಅದು ದುಡಿದದ್ದು ಸಾಕು. ಇಟ್ಟಿಗೆ ಮೇಲೆ ಇಡು, ಕುಂತ್ಕಂಡು ನೋಡ್ಲಿ."

ಎರಡು ಇಟ್ಟಿಗೆ ಪೇರಿಸಿ ಬಲಗಾಲನ್ನು ಅದರ ಮೇಲೆ ಇಟ್ಟೆ. ಬ್ರೇಕು ಪೂರ್ತಿ ಸಡಿಲಿಸಿದೆ. ಎಡಪೆಡಲನ್ನು ಮೇಲಕ್ಕೆ ತಂದು ನಿಲ್ಲಿಸಿ, ಹಿಂದೆ ಹೋಗಿ ಕ್ಯಾರಿಯರ್ ಹಿಡಿದೆ. ಅವಳ ಬೆನ್ನು ಬಿಗಿಯಾಯಿತು. ಕತ್ತಿನ ನರ ಎದ್ದಿತು. ಹೆಂಡತಿ ಮುಖ ತಿರುಗಿಸಿಕೊಂಡಳು. ಪೆಡಲು ಇದ್ದಲ್ಲೇ ಇತ್ತು. ಉಸಿರು ಬಿಟ್ಟು ಮತ್ತೆ ಎಳೆದುಕೊಂಡಳು. ಇದ್ದಲ್ಲೇ ಇತ್ತು. ನಾನು ಬಗ್ಗಿ ಪೆಡಲನ್ನು ಬೆರಳಲ್ಲಿ ಒಂಚೂರು ತಳ್ಳಿದ್ದರೂ ಚಕ್ರ ತಿರುಗುತ್ತಿತ್ತು. ತಳ್ಳಲಿಲ್ಲ.

"ಹಿಡ್ಕಂಡಿದೀಯೇನೋ?" ಅಂದಳು, ತಿರುಗಿ ನೋಡದೆ.

"ಹಿಡ್ಕಂಡಿದೀನಿ ಕಣಕ್ಕ," ಅಂದೆ.

ಹಿಡಿದುಕೊಂಡೇ ಇದ್ದೆ.